ಗೊಂಬೆಯಿಲ್ಲದ ಗೊಂಬೆ ಹಬ್ಬ

೧
ಎಲ್ಲಿಂದ ಶುರು ಮಾಡುವುದು? "ಬಸವೇಶ್ವರನಗರದಲ್ಲಿ ರಾಗಿಣಿ ಎಂಬ ಗೃಹಿಣಿ ಇದ್ದಳು" ಎಂದು ಬರೆದು ಹೊಡೆದುಹಾಕಿದೆ. ಎಮ್ಮೆ ಆಕಳಿಸಿದ ಹಾಗಿತ್ತು. (ಹೋಲಿಕೆ ಸ್ವಂತದ್ದು. ಅದಕ್ಕೇ ಚೆನ್ನಾಗಿಲ್ಲ.)

೧, ಇನ್ನೊಂದು ಸಲ
ರಾಗಿಣಿಗೆ ಪ್ರತಿ ದಸರಾಕ್ಕೂ ಒಂದೇ ಸಂಕಟ: ಗೊಂಬೆ ಕೂರಿಸಲು ಹೊಸ ಥೀಮ್ ಬೇಕು. ಹೋದ ವರ್ಷ ಯೂಟ್ಯೂಬ್ ನೋಡಿ ಥರ್ಮಾಕೋಲಿನಲ್ಲಿ ಮೆಟ್ರೋ ಸ್ಟೇಷನ್ ಮಾಡಿದಳು. ಅದೇ ಬೀದಿಯಲ್ಲಿ ಇನ್ನೂ ಮೂರು ಮೆಟ್ರೋ ಓಡಿದವು. ಮಹಿಳಾ ಸಂಘದ ಬಹುಮಾನ ಎದುರುಮನೆ ಕಲಾ ಆಂಟಿಗೆ ಹೋಯಿತು. ಅವರ ಮೆಟ್ರೋಗೆ ಲೈಟಿತ್ತು. ಅವತ್ತು ರಾಗಿಣಿ ನಿಜಕ್ಕೂ ಅತ್ತಳು. ಯಾರದೂ ಅಲ್ಲದ, ತನ್ನದೇ ಆದ ಒಂದು ಐಡಿಯಾ ಜೀವನದಲ್ಲಿ ಬರಬೇಕು, ಅಷ್ಟೇ ಅವಳ ಆಸೆ.

೨
ಈ ವರ್ಷ ಆ ಐಡಿಯಾ ಬಂತು. (ಪಾತ್ರೆ ತೊಳೆಯುವಾಗ ಬಂತು ಎಂದು ಬರೆದಿದ್ದೆ. ರಾಗಿಣಿ ಒಪ್ಪಲಿಲ್ಲ. "ಹೆಂಗಸ್ರಿಗೆ ಐಡಿಯಾ ಪಾತ್ರೆ ತೊಳೀವಾಗ್ಲೇ ಬರ್ಬೇಕಾ ಸಾರ್? ಸುಮ್ನೆ ಕೂತಿದ್ದೆ, ಬಂತು ಅಂತ ಬರೀರಿ." ಸರಿ, ಸುಮ್ಮನೆ ಕೂತಿದ್ದಳು, ಬಂತು.)

ಗೊಂಬೆಯೇ ಇಲ್ಲದ ಗೊಂಬೆ ಹಬ್ಬ! ಮೆಟ್ಟಿಲು, ಮೇಲೊಂದು ಬಿಳಿ ಬಟ್ಟೆ, ಮುಗಿಯಿತು. ಬಂದವರು ತಮಗೆ ಬೇಕಾದ ಗೊಂಬೆಯನ್ನು ಮನಸ್ಸಿನಲ್ಲೇ ಕೂರಿಸಿಕೊಳ್ಳಲಿ. ಅಮ್ಮ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳೂ ಅಟ್ಟದ ಮೇಲೇ ಉಳಿದವು. ರಾಗಿಣಿ ಬಾಗಿಲು ತೆರೆದಿಟ್ಟು, ಕುಂಕುಮದ ತಟ್ಟೆ ಇಟ್ಟು, ಸೀರೆ ಉಡಲು ಒಳಗೆ ಹೋದಳು.

೩
ಮೊದಲು ಬಂದವರು ಕಲಾ ಆಂಟಿ. ಬರಿ ಮೆಟ್ಟಿಲು ನೋಡಿ ಹೊಸ್ತಿಲಲ್ಲೇ ನಿಂತರು. ಕೂರಿಸಿದ ಗೊಂಬೆಯನ್ನು ನಡುವೆಯೇ ಎತ್ತಿಡುವುದು ಮನೆಯಲ್ಲಿ ಸಾವಾದರೆ ಮಾತ್ರ. ರಾಗಿಣಿಯ ಅತ್ತೆ ಪಾಪಮ್ಮ ಮಂಡಿನೋವೆಂದು ವಾರದಿಂದ ಹೊರಗೆ ಕಂಡಿರಲಿಲ್ಲ ಬೇರೆ. ಕಲಾ ಆಂಟಿ ಕುಂಕುಮ ಮುಟ್ಟದೆ ವಾಪಸು ಹೋಗಿ ಬೀದಿಯ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿದರು.

ರಾಗಿಣಿ ಹೊರಬಂದಾಗ ಹಾಲ್ ತುಂಬ ಹೆಂಗಸರು. ಯಾರ ಮುಡಿಯಲ್ಲೂ ಹೂವಿಲ್ಲ, ಯಾರೂ ಮಾತಾಡುತ್ತಿಲ್ಲ. ಕಲೆಯೆಂದರೆ ಇದು, ಎಲ್ಲರೂ ಮೂಕರಾಗಿದ್ದಾರೆ ಎಂದುಕೊಂಡಳು. ("ಅದನ್ನ ತೆಗೀರಿ ಸಾರ್, ಮರ್ಯಾದೆ ಹೋಗುತ್ತೆ." ತೆಗೆಯುವುದಿಲ್ಲ.)

ಅಷ್ಟರಲ್ಲಿ ಪಾಪಮ್ಮ ಉಸಲಿಯ ಬಟ್ಟಲು ಹಿಡಿದು ಕುಂಟುತ್ತಾ ಬಂದರು. ಕಲಾ ಆಂಟಿ ಕಿಟಾರನೆ ಕಿರುಚಿಕೊಂಡರು.

"ಯಾಕೆ ಕಲಾ? ಯಾರು ಹೋದ್ರು?"

"ನೀವೇ ಅಂದ್ಕೊಂಡ್ವಿ ಪಾಪಮ್ಮನೋರೆ..."

ಪಾಪಮ್ಮ ಮೆಟ್ಟಿಲು ನೋಡಿದರು, ಸೊಸೆಯನ್ನು ನೋಡಿದರು. "ಏನೇ, ನಿನ್ನ ಐಡಿಯಾಗೆ ನಾನೇ ಸಾಯ್ಬೇಕಿತ್ತಾ?"

ಅಂತ್ಯ, ಕ
ಪಾಪಮ್ಮ ತಾವೇ ಗೊಂಬೆಯಾಗಿ ಮೇಲಿನ ಮೆಟ್ಟಿಲಲ್ಲಿ ಕೂರುತ್ತಾರೆ. ಚಪ್ಪಾಳೆ. (ಮಂಡಿನೋವು ಎಂದು ಬರೆದವನು ನಾನೇ. ಹೊಡೆದುಹಾಕಿದೆ.)

ಅಂತ್ಯ, ಖ
ರಾಗಿಣಿ ಅಳುತ್ತಾ ಪಟ್ಟದ ಗೊಂಬೆ ಇಳಿಸುತ್ತಾಳೆ.

"ಅಳೋದ್ಯಾಕೆ ಸಾರ್?" ಎಂದಳು ರಾಗಿಣಿ. "ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ಅತ್ತೆ 'ನಿನ್ನ ಐಡಿಯಾ' ಅಂದ್ರು. ಕೇಳಿಸ್ಕೊಂಡ್ರೋ ಇಲ್ವೋ? ಈಗ ಇನ್ನೊಂದು ಹೊಳೆದಿದೆ."

ಏನದು ಎಂದು ಆಸೆಯಿಂದ ಕೇಳಿದೆ.

"ಹೇಳಿದ್ರೆ ನೀವು ಬರ್ಕೊಂಡ್ಬಿಡ್ತೀರ" ಎಂದು ಬಾಗಿಲು ಹಾಕಿಕೊಂಡಳು.

ಒಳಗೆ ಅತ್ತೆ ಸೊಸೆ ಏನೋ ಎಳೆದಾಡುವ ಸದ್ದು, ನಡುವೆ ನಗು. ನನ್ನ ಸ್ವಂತದ್ದೊಂದು ಅಂತ್ಯ ಹೊಳೆದಿದ್ದರೆ ಹೀಗೆ ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಿರಲಿಲ್ಲ. ಓದುಗರೇ, ಸ್ವಲ್ಪ ಆ ಕಡೆ ಸರಿಯಿರಿ, ನಿಮ್ಮಿಂದ ಏನೂ ಕೇಳಿಸುತ್ತಿಲ್ಲ.