ತೊಟ್ಟಿಲುಗಾಡಿಯ ಪಕ್ಕ ಆಡಿದ ಮಾತು

ಟಿಕ್ ಎಂದಿತು. ಕಿಟಕಿಯ ಹಲಗೆಯ ಮೇಲಿದ್ದ ಬೇಬಿ ಮಾನಿಟರ್, ಅಷ್ಟೇ. ಒಳಕೋಣೆಯಲ್ಲಿ ಆಸ್ಗರ್ ಮಗ್ಗುಲು ಬದಲಿಸಿದಾಗಲೆಲ್ಲ ಅದು ಹೀಗೆ ಒಮ್ಮೆ ಸದ್ದು ಮಾಡಿ, ಹಸಿರು ದೀಪ ಹೊತ್ತಿಸಿ, ಮಗುವಿನ ಉಸಿರನ್ನು ಅಡುಗೆಮನೆಗೆ ತಂದು ಹಾಕುತ್ತಿತ್ತು. ಸೋಲ್ವಾಯ್ ಮೈಯೆಲ್ಲ ಕಿವಿಯಾಗಿ ಕಾದಳು. ಅಳು ಕೇಳಿಸಲಿಲ್ಲ. ಗಂಡ ಟ್ರೂಲ್ಸ್‌ನ ಗೊರಕೆ ಮಾತ್ರ ಕೇಳಿಸಿತು. ದೀಪ ಆರಿತು. ಅವಳು ಮತ್ತೆ ಲ್ಯಾಪ್‌ಟಾಪಿನ ಕಡೆ ತಿರುಗಿದಳು.

ಪರದೆಯ ಮೇಲಿದ್ದದ್ದು ಅವಳೇ ಬರೆದ ಕೋಡ್. ಸಮುದ್ರದ ನಡುವೆ ನಿಂತ ಗಾಳಿಯಂತ್ರಗಳ ದುರಸ್ತಿಗೆ ಯಾವ ದೋಣಿ ಯಾವಾಗ ಎಸ್ಬ್ಯರ್ಗ್ ಬಂದರು ಬಿಡಬೇಕೆಂದು ಅಲೆ, ಗಾಳಿ ನೋಡಿ ಹೇಳುವ ಕೋಡ್. ಹೆರಿಗೆ ರಜೆಗೆ ಹೋಗುವ ಮುನ್ನ ಅದರ ಮೂಲೆಮೂಲೆಯೂ ಅವಳಿಗೆ ತನ್ನ ಮನೆಯ ಕಪಾಟುಗಳಷ್ಟೇ ಗೊತ್ತಿತ್ತು. ಈಗ ಅವಳ ಜಾಗಕ್ಕೆ ಬದಲಿಯಾಗಿ ಬಂದ ಕಮಿಲ್ಲಾ ಅಲ್ಲಲ್ಲಿ ತಿದ್ದಿದ್ದಳು. ಸೋಲ್ವಾಯ್ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು. ಅಕ್ಷರ ಕಾಣುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ. ತಂಡದ ಮುಖ್ಯಸ್ಥ ವಸಂತದಲ್ಲಿ ನಿವೃತ್ತನಾಗುವವನಿದ್ದ. ಆ ಜಾಗಕ್ಕೆ ಅವಳೇ ಎಂದು ರಜೆಗೆ ಮುಂಚೆ ಎಲ್ಲರೂ ಹೇಳಿದ್ದರು. ಅದು ನೆನಪಾಯಿತು. ಫೋನ್ ಎತ್ತಿಕೊಂಡು ಮೆರೆಟೆಗೆ ಮಾಡಿದಳು.

ಕಂಪನಿಯ ಹೆಂಗಸರ ಗುರುವಾರದ ಕೂಟ ಕಟ್ಟಿದವಳು ಮೆರೆಟೆ. ಎಲ್ಲರಿಗಿಂತ ಹಿರಿಯಳು. "ಹಗಲು ರಾತ್ರಿ ನೋಡ್ಬೇಡಿ, ನಂಗೆ ಫೋನ್ ಮಾಡಿ" ಎಂದು ಪ್ರತಿ ಕೂಟದ ಕೊನೆಯಲ್ಲೂ ಹೇಳುತ್ತಿದ್ದಳು. ನಿಜಕ್ಕೂ ಎತ್ತಿದಳು.

"ಏನೂ ತಲೆಗೆ ಹೋಗ್ತಿಲ್ಲ ಮೆರೆಟೆ. ನಾನೇ ಬರ್ದಿದ್ದು, ಯಾರೋ ಬರ್ದ ಹಾಗಿದೆ. ಇನ್ನು ನನ್ನ ಕೈಲಾಗಲ್ವೇನೋ."

"ಅತ್ಬಿಡು ಚಿನ್ನ, ಪೂರ್ತಿ ಅತ್ಬಿಡು. ಅದು ನಿದ್ದೆಗೆಟ್ಟ ತಲೆ, ನಿನ್ನ ತಲೆ ಅಲ್ಲ."

"ಯಾರಿಗೂ ಹೇಳ್ಬೇಡ."

"ಹುಚ್ಚಿ! ನಿನ್ನ ಕುರ್ಚಿ ನಾನು ಕಾಯ್ತಿದೀನಿ. ಇದು ನಮ್ಮಿಬ್ಬರಲ್ಲೇ ಇರತ್ತೆ. ಹೋಗು, ಮಲಕ್ಕೋ."

ಸೋಲ್ವಾಯ್ ಆ ರಾತ್ರಿ ಮಗುವಿಗಿಂತ ಚೆನ್ನಾಗಿ ಮಲಗಿದಳು.

ಆ ಶನಿವಾರ ಮೆರೆಟೆ ರಾಸ್ಪ್‌ಬೆರಿ ಕೇಕಿನ ಡಬ್ಬಿ ಹಿಡಿದು ಮಗು ನೋಡಲು ಬಂದಳು. ಜೊತೆಗೆ ಕಮಿಲ್ಲಾ. ಕಮಿಲ್ಲಾ ತಾನೇ ಹೆಣೆದ ಟೋಪಿ ತಂದಿದ್ದಳು. ಒಂದು ಕಿವಿ ದೊಡ್ಡದು, ಒಂದು ಚಿಕ್ಕದು.

"ಕೋಡ್ ಬರೆಯೋ ಕೈ ಇದು, ಉಲ್ಲನ್ ಇದರ ಮಾತು ಕೇಳಲ್ಲ" ಎಂದು ನಕ್ಕಳು. ಸೋಲ್ವಾಯ್‌ಗೆ ಅವಳು ಹಿಡಿಸಿದಳು. ಹಿಡಿಸಬಾರದು ಎಂದುಕೊಂಡೇ ಬಾಗಿಲು ತೆರೆದಿದ್ದಳು.

ಆಸ್ಗರ್ ಆ ದೇಶದ ಎಲ್ಲ ಮಕ್ಕಳ ಹಾಗೆ ಹಗಲಿನ ನಿದ್ದೆಯನ್ನು ಅಂಗಳದ ಚಳಿಯಲ್ಲಿ, ತೊಟ್ಟಿಲುಗಾಡಿಯೊಳಗೆ, ಗರಿಯ ರಜಾಯಿಯಲ್ಲಿ ಮಾಡುತ್ತಿದ್ದ. ಮಾನಿಟರಿನ ಒಂದು ತುಂಡು ಗಾಡಿಯ ಮುಚ್ಚಿಗೆಯ ಮಡಿಕೆಯಲ್ಲಿ ಇರುತ್ತಿತ್ತು. ಇನ್ನೊಂದು ಅಡುಗೆಮನೆಯ ಕಿಟಕಿಯ ಮೇಲೆ.

"ನೀವು ನೋಡ್ತಿರಿ, ನಾನು ಕಾಫಿ ತರ್ತೀನಿ" ಎಂದಳು ಸೋಲ್ವಾಯ್.

ಹೊರಗೆ ಹೋದ ಮೆರೆಟೆ ಗಾಡಿಗೆ ಇಣುಕಿ, "ಅಯ್ಯೋ, ಥೇಟ್ ನಮ್ಮ ಹೆನ್ನಿಂಗೇ! ಕೂದಲಿಲ್ಲ, ಹೊಟ್ಟೆ ಇದೆ, ಮೀಟಿಂಗಲ್ಲಿ ನಿದ್ದೆ" ಎಂದಳು. ಹೆನ್ನಿಂಗ್ ಅವರ ಮ್ಯಾನೇಜರ್. ತೆರೆದ ಬಾಗಿಲಿನಿಂದ ಆ ಮಾತು ಕೇಳಿ ಸೋಲ್ವಾಯ್ ಜೋರಾಗಿ ನಕ್ಕಳು. ಚಳಿ ಒಳಗೆ ಬರುತ್ತಿದೆಯೆಂದು ಬಾಗಿಲು ಮುಂದೆ ಮಾಡಿಕೊಂಡಳು.

ಟಿಕ್. ದೀಪ ಹಸಿರಾಯಿತು.

"ಎದ್ಬಿಟ್ನಾ?" ಕಮಿಲ್ಲಾಳ ದನಿ.

"ಇಲ್ಲ. ಮೆತ್ತಗೆ ಮಾತಾಡು." ಮೆರೆಟೆಯದು.

ಮೆರೆಟೆಯ ಮಕ್ಕಳು ಮಲಗುತ್ತಿದ್ದ ಕಾಲದಲ್ಲಿ ಕಿಟಕಿ ತೆರೆದಿಟ್ಟರೆ ಸಾಕಿತ್ತು. ಕಮಿಲ್ಲಾಗೆ ಮಕ್ಕಳಿರಲಿಲ್ಲ. ಮಡಿಕೆಯಲ್ಲಿದ್ದ ಮಾನಿಟರ್ ಇಬ್ಬರಿಗೂ ಹೊಳೆಯಲಿಲ್ಲ. ಮಗುವಿಗೆ ಎಚ್ಚರವಾಗಬಾರದೆಂದು ಇಬ್ಬರೂ ಗಾಡಿಯ ಮೇಲೆ ಬಾಗಿ ಪಿಸುಗುಟ್ಟಿದರು. ಒಂದೊಂದು ಮಾತೂ ಸೋಲ್ವಾಯ್‌ಳ ಕಿವಿಗೆ ಬಾಯಿಟ್ಟು ಹೇಳಿದಂತೆ ಬಂತು.

"ನೋಡಿದ್ಯಲ್ಲ ಅವಳನ್ನ? ಸ್ವೆಟರ್ ಒಳಹೊರಗು ಮಾಡಿ ಹಾಕ್ಕೊಂಡಿದಾಳೆ. ಮೊನ್ನೆ ರಾತ್ರಿ ಫೋನ್ ಮಾಡಿ ಗೊಳೋ ಅಂತ ಅತ್ಲು. ತನ್ನ ಕೋಡು ತನಗೇ ಅರ್ಥ ಆಗಲ್ವಂತೆ. ಹೆನ್ನಿಂಗ್‌ಗೆ ಹೇಳಿದೀನಿ, ವಾರಕ್ಕೆ ಮೂರು ದಿನ ಅಂದ್ರೆ ಅವಳಿಗೂ ಹಗುರ ಅಂತ."

"ಇದು ಅವಳಿಗೆ ಗೊತ್ತಾ?"

"ಆಮೇಲೆ ಗೊತ್ತಾಗತ್ತೆ. ಥ್ಯಾಂಕ್ಸ್ ಹೇಳ್ತಾಳೆ, ನೋಡ್ತಿರು. ಇಲ್ಲಿ ಕೇಳು, ಆ ಮುಖ್ಯಸ್ಥನ ಕುರ್ಚಿ ಮತ್ತೆ ಗಂಡಸರ ಕೈಗೆ ಹೋಗ್ಬಾರ್ದು. ಆ ಮೀಟಿಂಗಲ್ಲಿ ಎಷ್ಟು ವರ್ಷ ನಾನೊಬ್ಳೇ ಹೆಂಗ್ಸು, ಕಾಫಿ ಎಲ್ಲಿ ಅಂತ ನನ್ನನ್ನೇ ಕೇಳೋರು. ಅವಳ ಕೈಲಾಗಲ್ಲ ಅಂದ್ರೆ ನೀನು ಕೂತ್ಕೋ."

ಸೋಲ್ವಾಯ್ ತಲೆ ಬಗ್ಗಿಸಿ ನೋಡಿಕೊಂಡಳು. ಸ್ವೆಟರಿನ ಹೊಲಿಗೆ ಹೊರಗಿತ್ತು.

"ಮೆರೆಟೆ, ನಾನೂ ಬಸುರಿ."

ಸೋಲ್ವಾಯ್ ಮಾನಿಟರಿನ ಕಡೆ ಬಾಗಿದಳು.

"ದೇವ್ರೇ, ನೀನೂನಾ! ಯಾರ್ಯಾರಿಗೆ ಗೊತ್ತು?"

"ನಿಂಗೊಬ್ಳಿಗೇ. ಅವ್ನಿಗೆ ಹೇಳ್ದೆ, ನಾರ್ವೆಗೆ ಹೊರಟೋದ. ಕೆಲ್ಸ ಖಾಯಂ ಆಗ್ಲಿಲ್ಲ ಅಂದ್ರೆ ಅಮ್ಮನ ಮನೆ ಸೋಫಾನೇ ನಂಗೆ ಗತಿ."

"ಸಹಿ ಆಗೋವರ್ಗೂ ತುಟಿ ಬಿಚ್ಬೇಡ. ಹೊಟ್ಟೆ ಕಾಣೋ ಹೊತ್ತಿಗೆ ಸಹಿ ಒಣಗಿರತ್ತೆ."

ಸೋಲ್ವಾಯ್ ಸ್ವೆಟರ್ ಬಿಚ್ಚಿ ಸರಿಯಾಗಿ ಹಾಕಿಕೊಂಡಳು. ತಟ್ಟೆ ಎತ್ತಿಕೊಂಡು ಹೊರಗೆ ಬಂದಳು. "ಹಾಲು ಯಾರಿಗೆ?" ಎಂದಳು. ಮೆರೆಟೆ ಅವಳ ಭುಜ ತಬ್ಬಿ, "ಎಂಥ ಮಗು ಕಣೇ ಇದು, ದೇವರಂಥ ಮಗು" ಎಂದಳು. ಕಮಿಲ್ಲಾಳ ಕಾಫಿ ಕಪ್ಪಿನಲ್ಲೇ ತಣ್ಣಗಾಯಿತು.

ಕೆಲವು ವಾರಗಳ ಮೇಲೆ, ಒಂದು ಶುಕ್ರವಾರ, ಎಲ್ಲರೂ ಕೂಡಿ ತಿನ್ನುವ ಬನ್ನು-ಬೆಣ್ಣೆಯ ತಿಂಡಿಗೆ ಸೋಲ್ವಾಯ್ ಮಗುವನ್ನು ಕಟ್ಟಿಕೊಂಡು ಕಚೇರಿಗೆ ಹೋದಳು. ಕೇಳಿಸಿಕೊಂಡದ್ದನ್ನು ಹೇಳಲೇಬೇಕೆಂದು ಹೋಗಿರಲಿಲ್ಲ. ಹೇಳಬಾರದೆಂದೂ ಹೋಗಿರಲಿಲ್ಲ. ಕಮಿಲ್ಲಾ ಅವತ್ತು ಬಂದರಿನಲ್ಲಿದ್ದಳು. ಎಲ್ಲರೂ ಮಗುವಿನ ಕೆನ್ನೆ ಹಿಂಡಿ ತಮ್ಮ ತಮ್ಮ ಮೇಜಿಗೆ ಹೋದ ಮೇಲೆ ಹೆನ್ನಿಂಗ್ ಅವಳನ್ನು ತನ್ನ ಕೋಣೆಗೆ ಕರೆದ.

"ಮೆರೆಟೆ ಹೇಳಿದ್ಲು, ನೀನು ಮೂರು ದಿನದ ಕೆಲ್ಸ ಅಂತ ಯೋಚನೆ ಮಾಡ್ತಿದೀಯ ಅಂತ. ಒಳ್ಳೇದೇ. ಮಕ್ಕಳ ಈ ವಯಸ್ಸು ಮತ್ತೆ ಬರಲ್ಲ."

"ನಾನು ಪೂರ್ತಿ ಬರ್ತೀನಿ ಹೆನ್ನಿಂಗ್. ಉಳಿದ ರಜೆ ಟ್ರೂಲ್ಸ್ ತಗೋತಾನೆ."

ಹೆನ್ನಿಂಗ್ ಬನ್ನಿನ ಚೂರನ್ನು ಮೇಜಿನಿಂದ ಒರೆಸಿದ. "ಹಾಗಾ? ಮತ್ತೆ, ಕಮಿಲ್ಲಾ ಇಲ್ಲಿ ಚೆನ್ನಾಗಿ ಹೊಂದ್ಕೊಂಡಿದಾಳಲ್ಲ. ಮುಖ್ಯಸ್ಥರ ಜಾಗಕ್ಕೆ ಅವಳು ಅಂತ ಒಂದು ಮಾತು ನಡೀತಾ ಇದೆ."

"ಅವಳು ತುಂಬಾ ಜಾಣೆ" ಎಂದಳು ಸೋಲ್ವಾಯ್. ಮಗುವಿನ ಟೋಪಿ ಸರಿಮಾಡಿದಳು. ಒಂದು ಕಿವಿ ದೊಡ್ಡದು, ಒಂದು ಚಿಕ್ಕದು. "ಪಾಪ, ಅವತ್ತು ಮನೆಗೆ ಬಂದಾಗ ಕಾಫಿ ಮುಟ್ಟೋಕೂ ಆಗ್ಲಿಲ್ಲ ಅವಳಿಗೆ. ಮೊದಲ ತಿಂಗಳುಗಳು ನಂಗೂ ಹಾಗೇ ಇತ್ತು." ಅಷ್ಟು ಹೇಳಿ ಕೈಯನ್ನು ಬಾಯಿಗೆ ಒಯ್ದಳು. "ಅಯ್ಯೋ! ನಿಂಗೆ ಗೊತ್ತಿರತ್ತೆ ಅಂದ್ಕೊಂಡೆ."

ಹೆನ್ನಿಂಗ್ ಎದ್ದು ಬಾಗಿಲು ಹಾಕಿದ. "ನೋಡು, ಇಂಥದ್ದನ್ನ ನಾವು ಕೇಳೋ ಹಾಗಿಲ್ಲ, ಕಾನೂನಿದೆ. ನಾನೇನೂ ಕೇಳಿಸ್ಕೊಂಡೇ ಇಲ್ಲ."

"ನಾನೂ ಏನೂ ಹೇಳ್ಲಿಲ್ಲ."

"ಜಾಣೆ" ಎಂದ ಅವನು, ಮಗುವಿನ ಕೆನ್ನೆ ತಟ್ಟಿ. ಆ ಮಾತು ಯಾರಿಗೆ ಹೇಳಿದ್ದೆಂದು ಅವಳು ಕೇಳಲಿಲ್ಲ.

ಆಮೇಲೆ ಏನೂ ನಡೆಯಲಿಲ್ಲ, ಅದೇ ನಡೆದದ್ದು. ಕಮಿಲ್ಲಾಳ ಮುಂದೆ ಖಾಯಂ ಕರಾರು ಬರಲೇ ಇಲ್ಲ. ಬದಲಿ ಕೆಲಸದ ಅವಧಿ ಮುಗಿದ ದಿನ ಹೂಗುಚ್ಛ ಕೊಟ್ಟರು. ಅವಧಿ ಮುಗಿದ ಕರಾರಿಗೆ ಕಾರಣ ಹೇಳಬೇಕಾಗಿಲ್ಲ.

ಆ ಸಂಜೆಯೇ ಅವಳು ಸೈಕಲ್ ತಳ್ಳಿಕೊಂಡು ಸೋಲ್ವಾಯ್ ಮನೆಗೆ ಬಂದಳು. ಕೋಟಿನ ಗುಂಡಿ ಹೊಟ್ಟೆಗೆ ಹತ್ತುತ್ತಿರಲಿಲ್ಲ.

"ಹೆನ್ನಿಂಗ್ ನನ್ನ ಹೊಟ್ಟೆ ನೋಡಿ ಬೈ ಹೇಳ್ದ, ಮುಖ ನೋಡ್ಲಿಲ್ಲ. ಹೊಟ್ಟೆ ಕಾಣೋ ಮುಂಚೆಯಿಂದ್ಲೇ ಅವನು ಹಾಗಾಗಿದ್ದ, ಸೋಲ್ವಾಯ್. ಯಾರೋ ಹೇಳಿದಾರೆ. ನಾನು ಹೇಳಿದ್ದು ಒಬ್ಳಿಗೇ."

"ಯಾರಿಗೆ?" ಸೋಲ್ವಾಯ್ ಕೇಳಿದಳು.

"ಮೆರೆಟೆಗೆ. ಗುರುವಾರ ಎಲ್ಲರ ಮುಂದೆ ಕೇಳ್ಬಿಟ್ಟೆ. ನಾನಲ್ಲ ನಾನಲ್ಲ ಅಂತ ಅತ್ಲು. ಯಾರು ನಂಬ್ತಾರೆ? ಅವಳ ಪಕ್ಕದ ಕುರ್ಚಿಗಳೆಲ್ಲ ಖಾಲಿ. ಇನ್ಮೇಲೆ ಕೂಟನ ನೀನೇ ನಡೆಸ್ಬೇಕು ಅಂತಿದಾರೆ." ಕಣ್ಣೊರೆಸಿಕೊಂಡಳು. "ನಿನ್ನ ಬಗ್ಗೇನೂ ಏನೇನೋ ಅಂದಿದ್ಲು ನನ್ನ ಹತ್ರ. ನಾನು ಆಗ ಸುಮ್ನಿದ್ದೆ. ಕ್ಷಮಿಸ್ತೀಯಾ?"

"ಅದೆಲ್ಲ ಬಿಡು" ಎಂದು ಸೋಲ್ವಾಯ್ ಅವಳನ್ನು ತಬ್ಬಿದಳು. ನಡುವೆ ಆ ಹೊಟ್ಟೆ ಗಟ್ಟಿಯಾಗಿ ಒತ್ತಿತು. "ಅತ್ಬಿಡು. ಪೂರ್ತಿ ಅತ್ಬಿಡು." ಹೇಳಿದ ಮೇಲೆ, ಆ ಮಾತು ಯಾರದ್ದೆಂದು ಅವಳಿಗೆ ನೆನಪಾಯಿತು.

ಕಪಾಟಿನಿಂದ ಆಸ್ಗರನಿಗೆ ಚಿಕ್ಕದಾದ ಬಟ್ಟೆಗಳನ್ನೆಲ್ಲ ತೆಗೆದು ರಟ್ಟಿನ ಪೆಟ್ಟಿಗೆಗೆ ತುಂಬಿದಳು. ಕೊಡುತ್ತಾ ಹೋದಂತೆ ಕೈ ನಿಲ್ಲಲಿಲ್ಲ. ಅಂಗಳಕ್ಕೆ ಹೋಗಿ, ಗಾಡಿಯ ಮಡಿಕೆಯಲ್ಲಿದ್ದ ಮಾನಿಟರಿನ ತುಂಡನ್ನೂ ತಂದು ಬಟ್ಟೆಯ ಮೇಲಿಟ್ಟಳು.

"ಇದು ನಿಂಗೆ ಬೇಡ್ವಾ?"

"ಟ್ರೂಲ್ಸ್ ಕ್ಯಾಮೆರಾ ಇರೋದು ತಂದಿದಾನೆ. ತಗೊಂಡು ಹೋಗು."

ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿ, ಕಮಿಲ್ಲಾ ತಳ್ಳಿಕೊಂಡು ಹೊರಟಳು. ಗೇಟು ಮುಚ್ಚಿದ ಮೇಲೆ ಸೋಲ್ವಾಯ್‌ಗೆ ಕಿಟಕಿಯ ಮೇಲಿದ್ದ ಮಾನಿಟರಿನ ಇನ್ನೊಂದು ತುಂಡು ಕಣ್ಣಿಗೆ ಬಿತ್ತು. ಕೊಡಲು ಮರೆತಿದ್ದಳು. ಎತ್ತಿಕೊಂಡು ಬಾಗಿಲವರೆಗೆ ಓಡಿದಳು. ಕೈಯಲ್ಲೇ ಅದು ಟಿಕ್ ಎಂದು ಹಸಿರಾಯಿತು.

ಸೈಕಲ್ ಚಕ್ರ ಜಲ್ಲಿಯ ಮೇಲೆ ಉರುಳುವ ಸದ್ದು. ಮೂಗು ಎಳೆದುಕೊಂಡ ಸದ್ದು. ಆಮೇಲೆ ಕಮಿಲ್ಲಾಳ ದನಿ, ಫೋನಿನಲ್ಲಿ. "ಅಮ್ಮಾ, ಸೋಫಾ ಖಾಲಿ ಮಾಡಿಡು, ಬರ್ತಿದೀನಿ... ಇಲ್ಲ, ಅಳ್ತಿಲ್ಲ. ಬಟ್ಟೆ ಎಲ್ಲ ಸಿಕ್ತಮ್ಮ. ಸೋಲ್ವಾಯ್ ಕೊಟ್ಲು. ಅದೇ, ನಾನು ಯಾರ ಜಾಗಕ್ಕೆ ಹೋಗಿದ್ನೋ ಅವಳೇ. ಅಲ್ಲಿ ಇದ್ದದ್ದೇ ಅವಳೊಬ್ಳು, ಮನುಷ್ಯೆ ಅಂತ..."

ದನಿ ಗರಗರ ಎಂದಿತು. ಬೀದಿಯ ತಿರುವಿನಲ್ಲಿ ಸೈಕಲ್ಲಿನ ಕೆಂಪು ದೀಪ ಮರೆಯಾಯಿತು. ಟಿಕ್. ಕೈಯಲ್ಲಿದ್ದ ದೀಪವೂ ಹಸಿರಿನಿಂದ ಕೆಂಪಾಗಿ ಮಿನುಗತೊಡಗಿತು.

"ಯಾರು ಮಾತಾಡ್ತಿದ್ದಿದ್ದು?" ಮಗುವಿಗೆ ಸ್ನಾನ ಮಾಡಿಸುತ್ತಿದ್ದ ಟ್ರೂಲ್ಸ್ ಒಳಗಿಂದ ಕೂಗಿದ.

ಅವನಿಗೆ ಹೇಳಬಹುದಿತ್ತು. ಮೆರೆಟೆಗೆ ಒಂದು ಫೋನ್ ಮಾಡಬಹುದಿತ್ತು. ಓಡಿದರೆ ಕಮಿಲ್ಲಾ ಇನ್ನೂ ತಿರುವಿನಾಚೆಯೇ ಸಿಗುತ್ತಿದ್ದಳು. ಸೋಲ್ವಾಯ್ ಹೊಸ್ತಿಲಲ್ಲಿ ನಿಂತು ಒಂದೊಂದನ್ನೇ ಯೋಚಿಸಿದಳು. ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿಕೊಂಡಳು.

"ಯಾರೂ ಇಲ್ಲ" ಎಂದಳು.

ಅಡುಗೆಮನೆಯ ಖಾನೆ ಎಳೆದು, ಅದನ್ನು ಒರೆಸುವ ಬಟ್ಟೆಗಳ ಅಡಿಗೆ ತಳ್ಳಿ ಮುಚ್ಚಿದಳು. ಆಮೇಲೂ ಅದು ತನ್ನ ಇನ್ನೊಂದು ತುಂಡನ್ನು ಹುಡುಕುತ್ತ, ಖಾನೆಯೊಳಗಿನಿಂದ ಬಿಟ್ಟು ಬಿಟ್ಟು ಟಿಕ್ ಎನ್ನುತ್ತಲೇ ಇತ್ತು.