ಬೀಗ ಬಿದ್ದ ಹಾಡುಗಳು

ತುಳಸಾಬಾಯಿಯವರು ತೀರಿಕೊಂಡ ಹನ್ನೊಂದನೆಯ ದಿನ, ಅವರ ದಾಸರ ಪದಗಳ ಪುಸ್ತಕವೂ ಹೋಯಿತೆಂದು ನಂಜನಗೂಡಿನ ಆ ಮನೆಗೆ ತಿಳಿಯಿತು. ತಿಳಿಸಿದ್ದು ನಾನೇ. ನಾನು ಒಂದು ಇ-ರೀಡರ್, ಅಂಗೈಗಿಂತ ಸ್ವಲ್ಪ ದೊಡ್ಡದಾದ ಓದುವ ಯಂತ್ರ. ಹಾಡುಗಳಿದ್ದ ನನ್ನ ಮುಖದ ಮೇಲೆ ಒಂದೇ ಸಾಲು ಮೂಡಿತ್ತು: 'ಈ ಪುಸ್ತಕ ಓದಲು ನಿಮಗೆ ಅನುಮತಿ ಇಲ್ಲ.'

ನಾನು ಹುಟ್ಟಿದ್ದು ದೂರದೇಶದ ಕಾರ್ಖಾನೆಯಲ್ಲಿ. ಎಂಟು ವರ್ಷದ ಹಿಂದೆ ತುಳಸಾಬಾಯಿಯವರ ಕೈ ಸೇರಿದೆ. ಮಡಿಯಲ್ಲಿ ನನ್ನನ್ನು ಮುಟ್ಟುತ್ತಿರಲಿಲ್ಲ. ಊಟವಾದ ಮೇಲೆ ವ್ಯಾಸಪೀಠದ ಮೇಲಿಟ್ಟು, ಅಕ್ಷರ ದೊಡ್ಡದು ಮಾಡಿಕೊಂಡು ಹಾಡುತ್ತಿದ್ದರು. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವರ ಗದ್ದ ಮತ್ತು ಮೂಗುಬೊಟ್ಟು. ತಮ್ಮ ತಾಯಿ ಹಾಡುತ್ತಿದ್ದ ಧಾಟಿಯನ್ನು ನನ್ನೊಳಗಿನ ಆ ಪುಸ್ತಕದಲ್ಲೇ ಒಂದೊಂದು ಪದದ ಪಕ್ಕದಲ್ಲೂ ಸ್ವರಸಮೇತ ಬರೆದಿಟ್ಟಿದ್ದರು. ಅದನ್ನು ಬಲ್ಲವರು ಬೇರಾರೂ ಉಳಿದಿರಲಿಲ್ಲ. ವೈಕುಂಠ ಸಮಾರಾಧನೆಯ ದಿನ ಭಜನಾ ಮಂಡಳಿಯವರು ಅದನ್ನೇ ನೋಡಿ ಹಾಡುವವರಿದ್ದರು.

ಆಕೆಯ ಪತಿ ವೆಂಕೋಬಾಚಾರ್ಯರು ಗುರುತಿನವರಿಗೆಲ್ಲ ಸಮಾರಾಧನೆಯ ಕಾಗದ ಹಾಕುವಾಗ ಆ ಪುಸ್ತಕ ಮಾರಿದ ಪ್ರಕಾಶಕರಿಗೂ ಒಂದು ಹಾಕಿದ್ದರು. ಅದನ್ನೋದಿ ಆ ಮಹನೀಯರು ಮಾಡಿದ ಕೆಲಸವೆಂದರೆ ಸತ್ತವರ ಖಾತೆ ಮುಚ್ಚಿದ್ದು.

"ಅವರಿಗ್ಯಾಕೆ ಹಾಕಿದ್ರಿ ಮಾವ?" ಎಂದಳು ಆಚಾರ್ಯರ ತಂಗಿಯ ಮಗಳು ಮಂದಾಕಿನಿ.

"ಎಂಟು ವರ್ಷದ ಗುರುತು ಕಣಮ್ಮ. ಹೇಳದೆ ಇರೋದು ಹ್ಯಾಗೆ?"

ಆಚಾರ್ಯರು ಫೋನು ಮಾಡಿದರೆ ಪ್ರಕಾಶಕರ ಕಚೇರಿಯವನು, "ಸರ್, ಖಾತೆದಾರರೇ ಖುದ್ದಾಗಿ ಕೇಳಬೇಕು" ಎಂದ.

"ಮೊನ್ನೆ ತಾನೆ ಅವಳನ್ನ ಕಪಿಲೆಗೆ ಬಿಟ್ಟು ಬಂದೆನಪ್ಪ. ಅಲ್ಲಿಂದ ಬರೋ ದಾರಿಗೂ ನಿಮ್ಮವರು ಬೀಗ ಹಾಕಿದ್ದಾರೇನೋ, ನೋಡಿ ಹೇಳು."

"ಸರ್, ಅವರು ಕೊಂಡಿದ್ದು ಪುಸ್ತಕ ಅಲ್ಲ, ಓದೋ ಅನುಮತಿ ಅಷ್ಟೆ."

ಮಾರುವಾಗ 'ಪುಸ್ತಕ ಕೊಳ್ಳಿ' ಎಂದು ಬರೆದವರು ಇವರೇ. ಕಳ್ಳರಿಗಾಗಿ ಹಾಕಿದ ಬೀಗವಂತೆ! ಕಳ್ಳರು ಅದೇ ಪುಸ್ತಕವನ್ನು ಊರಿಗೆಲ್ಲ ಪುಕ್ಕಟೆ ಹಂಚುತ್ತಿದ್ದಾರೆ. ಬಾಗಿಲ ಹೊರಗೆ ನಿಂತವರು ಹಣ ಕೊಟ್ಟವರು. ಸ್ವರ ಬರೆದದ್ದು ತುಳಸಾಬಾಯಿಯವರು, ಅದಕ್ಕೂ ಇವರದೇ ಬೀಗ. ಇಷ್ಟಾಗಿ ಸರಸ್ವತಿಯ ಸೇವಕರೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಇಂಥವರ ಬಾಗಿಲು ಕಾಯ್ದ ನನ್ನ ಮೇಲೂ ನನಗೆ ಹೇಸಿಗೆ.

ಸಮಾರಾಧನೆಯ ದಿನ ಮಂಡಳಿಯವರು ತಮಗೆ ಬಂದಂತೆ ಹಾಡಿದರು. ಒಂದು ಪದಕ್ಕೆ ಆಚಾರ್ಯರು ಕೈ ಅಡ್ಡ ಹಿಡಿದು, "ಹಾಗಲ್ಲಮ್ಮ, ಹೀಗೆ" ಎಂದು ಒಂದು ಸಾಲು ಹಾಡಿದರು. ಮುಂದಿನದು ನೆನಪಾಗಲಿಲ್ಲ. ಆ ಧಾಟಿಯಲ್ಲಿ ಉಳಿದದ್ದು ಅಷ್ಟೇ.

ಈಗ ನಾನು ಗೋಡೆಯ ಗೂಡಿನಲ್ಲಿ, ಆಕೆ ಹೊಸೆದಿಟ್ಟ ಹೂಬತ್ತಿಗಳ ಪಕ್ಕದಲ್ಲಿದ್ದೇನೆ. ಶ್ರೀಹರಿ, ನಿನ್ನ ಸನ್ನಿಧಿಯಲ್ಲಿ ಆಕೆ ಯಾರ ಅನುಮತಿಯನ್ನೂ ಕೇಳದೆ ತಾಯಿಯ ಧಾಟಿಯಲ್ಲೇ ಹಾಡಲಿ. ಆ ಜೀವಕ್ಕೆ ಶಾಂತಿ ಕೊಡು.