ಬುಟ್ಟಿಗೆ ಹೋಗಬೇಕಿದ್ದ ಮೊದಲ ಹಿಡಿ

ಮೂರು ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಲ್ಲಿನ ವಯಸ್ಸು ಅಳೆಯುವುದು ಅವಳ ಕೆಲಸ. ಆಳದ ಬಾವಿ ಕೊರೆಯುವುದು ಅವಳ ಅಣ್ಣನ ಕೆಲಸ. ಬೆಟ್ಟದ ಲಾವಾ ಕಲ್ಲು ಎಳೆಯದಾಗಿದ್ದರೆ ಅಡಿಯಲ್ಲಿ ಕಾವು ಉಳಿದಿರುತ್ತದೆ. ಕೊರೆದರೆ ಉಗಿ, ಉಗಿಯಿಂದ ಕರೆಂಟು. ಹಳೆಯದಾದರೆ ಎರಡು ಕಿಲೋಮೀಟರ್ ಕೊರೆದರೂ ಮಣ್ಣಂಗಟ್ಟಿ! ‘ನಲವತ್ತು ಸಾವಿರ ವರ್ಷ’ ಎಂದು ಬರೆದುಕೊಟ್ಟವಳು ಅವಳೇ. ಕಲ್ಲಿನ ಲೆಕ್ಕದಲ್ಲಿ ಅದು ತೊಟ್ಟಿಲ ಕೂಸು. ಹನ್ನೆರಡು ವರ್ಷ ಕಂಡವರ ಕೈಕೆಳಗೆ ದುಡಿದ ಅಣ್ಣನಿಗೆ ಈಗಷ್ಟೇ ಈ ಬೆಟ್ಟದ ಬಾವಿಗೆ ಮೇಸ್ತ್ರಿ ಪಟ್ಟ ಸಿಕ್ಕಿತ್ತು. ತಿಂಗಳ ಕೊನೆಗೆ ಕೊರೆತ ಶುರು.

ತಳಮಳಕ್ಕೆ ಕಾರಣ ಒಂದೇ. ಕಲ್ಲು ಪುಡಿಮಾಡುವ ಯಂತ್ರದ ದವಡೆಯಲ್ಲಿ ಹಿಂದಿನ ಕಲ್ಲಿನ ಚೂರು ಉಳಿದಿರುತ್ತದೆ. ಅದಕ್ಕೇ ಹೊಸ ಕಲ್ಲಿನ ಮೊದಲ ಹಿಡಿ ಪುಡಿಯನ್ನು ಕಸದ ಬುಟ್ಟಿಗೆ ಸುರಿಯಬೇಕು. ಅಣ್ಣ ತಂದದ್ದು ಮುಷ್ಟಿಯಷ್ಟು ಕಲ್ಲು, ಬಸ್ಸಿನಲ್ಲಿ ಇಡೀ ದಿನ ತೊಡೆಯ ಮೇಲಿಟ್ಟುಕೊಂಡು. ಅದರಲ್ಲಿ ಬಿಸಾಡಲು ಅವಳಿಗೆ ಮನಸ್ಸೇ ಬರಲಿಲ್ಲ. ಕರುಳು ಅಂದರೆ ಇದೇ ನೋಡಿ! ಪುಡಿಯಿಂದ ಹೆಕ್ಕಿದ ಇಪ್ಪತ್ತು ಹರಳು ಅಳೆದಾಗ ನಾಲ್ಕು ಮಾತ್ರ ಎಳೆಯವು. ಲಾವಾ ಹಳೆಯ ಹರಳುಗಳನ್ನೂ ಹೊತ್ತು ತರುವುದರಿಂದ, ಅತಿ ಎಳೆಯ ಹರಳಿನ ವಯಸ್ಸೇ ಕಲ್ಲಿನ ವಯಸ್ಸು ಎಂಬ ನಿಯಮದಂತೆ ಬರೆದಿದ್ದಳು. ಆದರೆ ಅಣ್ಣನ ಕಲ್ಲಿಗೂ ಮುಂಚೆ ದವಡೆಯಲ್ಲಿ ಪುಡಿಯಾದದ್ದು ಬೇರೊಂದು ಎಳೆಯ ಲಾವಾ ಎಂಬುದು ಮೊನ್ನೆ ದಾಖಲೆ ಪುಸ್ತಕ ತಿರುವಿದಾಗ ಕಣ್ಣಿಗೆ ಬಿತ್ತು. ಆ ನಾಲ್ಕು ಹರಳು ಅದರವೇ ಆಗಿದ್ದರೆ?

ಅಣ್ಣ ತಂದಿದ್ದ ಕಲ್ಲಿನ ಇನ್ನೊಂದು ತುಂಡು ಅಣ್ಣನ ಮನೆಯಲ್ಲಿ ಟಿವಿ ಪಕ್ಕದಲ್ಲಿತ್ತು.

“ಅಣ್ಣಾ, ಆ ಕಲ್ಲು ಬೇಕು.”

“ವಯಸ್ಸು ಬರೆದಾಯ್ತಲ್ಲೇ, ಇನ್ನೇನು ಅದಕ್ಕೆ ಮದುವೆ ಮಾಡ್ತೀಯಾ?”

ಅವಳು ನಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ಅಣ್ಣನ ಮುಖ ಸಪ್ಪಗಾಯಿತು.

“ಬಾಯಿ ಮುಚ್ಚಿಕೊಂಡಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ಎರಡು ಕಿಲೋಮೀಟರ್ ಆದ್ಮೇಲೆ ನಿನಗೇ ಗೊತ್ತಾಗ್ತಿತ್ತು.”

ಅತ್ತಿಗೆ ಲೋಟವನ್ನು ಕುಕ್ಕಿದರು. “ಊರಿಗೆಲ್ಲಾ ಹೇಳ್ಕೊಂಡು ಬಂದಿದ್ದೀವಿ, ಈಗ ಬಂದು ಹೀಗಂದ್ರೆ?”

ಅಣ್ಣ ಎದ್ದು ಕಲ್ಲನ್ನು ತಂದು ಅವಳ ಚೀಲಕ್ಕೆ ಹಾಕಿದ.

ಈ ಸಲ ಅವಳು ಅರ್ಧ ಕಲ್ಲನ್ನೇ ಪುಡಿಮಾಡಿ ಬುಟ್ಟಿಗೆ ಸುರಿದಳು. ದೇವರೇ, ಒಂದೇ ಒಂದು ಎಳೆಯ ಹರಳು ಸಿಗಲಿ ಎಂದು ಬೇಡಿಕೊಂಡಳು. ಉಳಿದರ್ಧದಿಂದ ಇಪ್ಪತ್ತನಾಲ್ಕು ಹರಳು ಅಳೆದಳು. ಇಪ್ಪತ್ತು ಲಕ್ಷ ವರ್ಷಕ್ಕಿಂತ ಎಳೆಯದು ಒಂದೂ ಇರಲಿಲ್ಲ.

ಮೇಲಧಿಕಾರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟು, ಕೊರೆತದ ತಯಾರಿಗೆ ಬೆಟ್ಟದಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದಳು.

“ಹಳೇ ಕಲ್ಲು ಅಣ್ಣಾ. ಕೆಳಗೆ ಕಾವು ಇಲ್ಲ.”

“ಮೊದಲ ಹಿಡಿ ಬಿಸಾಡಿದ್ಯಾ?”

“ಅರ್ಧ ಕಲ್ಲೇ ಬಿಸಾಡಿದೆ.”

“ಹೂಂ,” ಎಂದ. ಆಮೇಲೆ ಫೋನ್ ಪಕ್ಕಕ್ಕೆ ಹಿಡಿದು ತನ್ನವರಿಗೆ ಕೂಗಿ ಹೇಳಿದ: “ಸಾಕು ಬಿಡ್ರಪ್ಪಾ, ಪೈಪು ವಾಪಸ್ ಲಾರಿಗೆ ಹಾಕಿ. ನನ್ನ ತಂಗಿ ಅಳೆದು ಹೇಳಿದ್ದಾಳೆ, ಇಲ್ಲಿ ಬೇಡ.”

ಇಷ್ಟು ದಿನ ತಡೆದುಕೊಂಡಿದ್ದ ಅಳು ಅವಳಿಗೆ ಆಗ ಬಂತು.